ಬಂದವರ ಕೋಣೆಗೆ ಹೂವಿನ ಕಾಗದ

ಇದು ನಮ್ಮ ದೊಡ್ಡವ್ವನ ಮಗಳು ಹಾಲಿಗೆ ಆದದ್ದು. ಕಟ್ಟುಕತೆ ಬೇಕಾದವರು ಈಗಲೇ ಎದ್ದು ಹೋಗಿ ಹೊದ್ದು ಮಲಗಬಹುದು, ನನ್ನ ಅಡ್ಡಿಯಿಲ್ಲ. ಉಳಿದವರು ಆ ಬಾಗಿಲು ಸ್ವಲ್ಪ ಮುಂದಕ್ಕೆ ಮಾಡಿ... ಗಾಳಿ ಬರುತ್ತದೆ.

ನಮ್ಮ ಬೆಟ್ಟದ ಕೆತ್ತಿ ಊರಿಗೆ ರೈಲು ಬಂದು ಇಪ್ಪತ್ತೈದು ವರ್ಷ ಆಗಿರಬೇಕು. ಹಿಮ ಬೀಳುವ ತಿಂಗಳು. ಹಾಲಿ ಮತ್ತು ಅವಳ ಮಗಳು ಈಶ್ವರಿ ಊಟಿಯಿಂದ ಸಂಜೆಯ ರೈಲಿಗೆ ಬಂದು ಇಳಿದರು. ರೈಲು ತಡವಾಗಿತ್ತು. ಹಾಲಿಯ ತಲೆಯ ಮೇಲೆ ಒಂದು ಗಂಟು, ಅದರಲ್ಲಿ ಕೆಂಪು ಗುಲಾಬಿ ಹೂವಿನ ಪರದೆ ಬಟ್ಟೆ. ಈಶ್ವರಿಯ ಕಂಕುಳಲ್ಲಿ ಗೋಡೆಗೆ ಅಂಟಿಸುವ ಹೂವಿನ ಕಾಗದದ ಎರಡು ಸುರುಳಿ. ಸ್ಟೇಷನ್ನಿನಿಂದ ಹಟ್ಟಿಗೆ ಇಳಿಜಾರಿನ ಕಾಲುದಾರಿ. ಎರಡೂ ಕಡೆ ಆಲೂಗಡ್ಡೆ ಹೊಲ. ಹಟ್ಟಿ ಇನ್ನು ಕೂಗಳತೆ ಇದೆ ಅನ್ನುವಾಗ ಕಲ್ಲು ಕಟ್ಟಿದ ಹಳೇ ಬಾವಿ.

ಬಾವಿ ದಾಟಿದರು. ನಾಲ್ಕು ಹೆಜ್ಜೆ ಆಗಿರಬಹುದು...

ತಪ್. ಸರ್ರ್. ತಪ್. ಸರ್ರ್.

ಒಂದು ಕಾಲು ಊರುವ ಸದ್ದು, ಒಂದು ಕಾಲು ಎಳೆಯುವ ಸದ್ದು. ಒಣ ಹುಲ್ಲಿನ ಮೇಲೆ ಒದ್ದೆ ಗೋಣಿ ಎಳೆದರೆ ಆಗುತ್ತದಲ್ಲ, ಹಾಗೆ.

"ಅವ್ವೆ," ಈಶ್ವರಿ ಪಿಸುಗುಟ್ಟಿದಳು. "ಹಿಂದೆ ಯಾರೋ ಬರ್ತವ್ರೆ."

"ತಿರುಗಬೇಡ."

"ಕಾಲು ಎಳೀತವ್ರೆ, ಅವ್ವೆ. ವಯಸ್ಸಾದವರೇನೋ... ನಿಲ್ಲೋಣವಾ?"

"ನಡಿ ಅಂದೆ."

ಈಶ್ವರಿಗೆ ಆ ಸದ್ದು ಯಾರದೆಂದು ಗೊತ್ತಿಲ್ಲ. ಹಾಲಿಗೆ ಗೊತ್ತು. ಮೂರು ವರ್ಷದ ಹಿಂದೆ ದಿನವೂ ಕೇಳಿದ ಸದ್ದು ಅದು. ಸದ್ದಿನ ಹಿಂದೆಯೇ ವಾಸನೆಯೂ ಬಂತು. ಕೊಳೆತ ಮಾಂಸಕ್ಕೆ ಹಳೇ ಬೆಣ್ಣೆ ಬೆರೆಸಿದಂಥ ವಾಸನೆ. ಹಾಲಿ ಪರದೆ ಬಟ್ಟೆಯ ಗಂಟನ್ನು ಇಳಿಸಿ ಮೂಗಿಗೆ ಒತ್ತಿಕೊಂಡಳು. ಹೊಸ ಬಟ್ಟೆಯ ಗಂಜಿ ವಾಸನೆಯನ್ನು ಎಳೆದುಕೊಳ್ಳುತ್ತಾ ಮಗಳನ್ನು ಮುಂದೆ ದೂಡಿಕೊಂಡು ಹಟ್ಟಿ ಸೇರಿದಳು. ತಿರುಗಿ ನೋಡಲಿಲ್ಲ.

ಈಗ ಆ ಸದ್ದು ಯಾರದು ಅಂತ ಹೇಳುತ್ತೇನೆ.

ಹಾಲಿಯ ಗಂಡ ರಂಗನಾಥನ್. ಮಿಷನ್ ಸ್ಕೂಲಿನಲ್ಲಿ ಆರು ವರ್ಷ ಕೂತು ಎದ್ದವನು, ಇಂಗ್ಲಿಷ್ ಓದುತ್ತಿದ್ದ, ಅಂಗಿಗೆ ಗುಂಡಿ ಹಾಕುತ್ತಿದ್ದ. ನಮ್ಮ ಹಟ್ಟಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಸಾಲುಮನೆ. ರಂಗನಾಥನ್‌ದು ಸಾಲಿನ ಕೊನೆಯ ಮನೆ. ಅವರಪ್ಪ ಅದರ ಪಕ್ಕಕ್ಕೆ, ಅಂಗಳಕ್ಕೆ ಬಾಗಿಲಿಟ್ಟು, ಒಂದು ಕೋಣೆ ಕಟ್ಟಿಸಿದ್ದ. ನೆಂಟರಿಗೆ ಅಂತ. 'ಬಂದವರ ಕೋಣೆ' ಅಂತಲೇ ಅದಕ್ಕೆ ಹೆಸರು.

ಆ ಕೋಣೆಗೆ ಬಂದವಳು ಮಾದಿ ಹೆತ್ತೆ. ನಮ್ಮ ಕಡೆ ಅಜ್ಜಿಗೆ ಹೆತ್ತೆ ಅನ್ನುತ್ತೇವೆ. ರಂಗನಾಥನ್‌ನ ಅಪ್ಪನ ಅಕ್ಕ ಅವಳು. ಗಂಡ ಸತ್ತು, ಮಕ್ಕಳಿಲ್ಲದೆ, ತಮ್ಮನ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದಳು. ತಮ್ಮ ಸತ್ತ. ಅವಳು ಉಳಿದಳು. ಒಂದು ಮಳೆಗಾಲ ಅವಳ ಎಡಗಾಲಿಗೆ ಗುದ್ದಲಿ ತಾಗಿ ಗಾಯವಾಯಿತು. ಗಾಯ ಹುಣ್ಣಾಯಿತು, ಹುಣ್ಣು ಮಾಯಲೇ ಇಲ್ಲ. ಹಿಮ್ಮಡಿಯಿಂದ ಮೊಣಕಾಲಿನ ತನಕ ಏರಿತು. ನೊಣ ಕೂತಿತು. ಹುಳು ಬಿತ್ತು. ಹೆತ್ತೆ ಕಡ್ಡಿಯಲ್ಲಿ ಹುಳು ತೆಗೆದು ತೆಗೆದು ಬಾಗಿಲಾಚೆ ಎಸೆಯುತ್ತಿದ್ದಳು, ಹಾಲಿಯ ಕೋಳಿಗಳು ಓಡಿ ಬಂದು ಕುಕ್ಕುತ್ತಿದ್ದವು. ಆ ವರ್ಷ ಹಾಲಿ ಮೊಟ್ಟೆ ಮುಟ್ಟಲಿಲ್ಲ.

ಊಟಿಯ ಆಸ್ಪತ್ರೆಗೆ ಹೋಗೋಣ ಅಂದರೆ ಹೆತ್ತೆ, ಕಾಲು ಕಡಿಯುತ್ತಾರೆ, ಕಾಲಿಲ್ಲದೆ ನನ್ನ ಗಂಡ ಇರುವ ಕಡೆಗೆ ಹೇಗೆ ನಡೆದು ಹೋಗಲಿ ಅಂತ ಹಠ ಹಿಡಿದಳು. ರಂಗನಾಥನ್ ಎರಡು ಸಲ ಕೇಳಿ ಸುಮ್ಮನಾದ. ಈಶ್ವರಿಗೆ ಆಗ ಹದಿಮೂರು. ಹುಡುಗಿಗೆ ಅಂಟೀತು ಅಂತ ಅವಳನ್ನು ಅಜ್ಜಿ ಮನೆಗೆ ಕಳಿಸಿಬಿಟ್ಟರು. ಹೆತ್ತೆಯ ಆ ಸ್ಥಿತಿಯನ್ನು ಅವಳು ನೋಡಲೇ ಇಲ್ಲ, ಅವಳು ಕಂಡಿದ್ದದ್ದು ನೆಟ್ಟಗೆ ನಡೆಯುವ, ತುಂಬಿದ ಮುಖದ ಹೆತ್ತೆಯನ್ನು.

ನೋಡಿಕೊಂಡವಳು ಹಾಲಿ. ನೋಡಿಕೊಂಡಳು ಅಂತ ಹಟ್ಟಿಯವರೆಲ್ಲ ಹೇಳುತ್ತಿದ್ದರು. ಹೇಗೆ ನೋಡಿಕೊಂಡಳು ಅನ್ನುವುದು ಹಾಲಿಗೆ ಮಾತ್ರ ಗೊತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಿನ ಹೊರಗೇ ನಿಂತು, ಗಂಗಳವನ್ನು ಪೊರಕೆಯ ಹಿಡಿಯಿಂದ ಒಳಕ್ಕೆ ತಳ್ಳುತ್ತಿದ್ದಳು. ನಾಯಿಗಾದರೂ ಕೈಯಲ್ಲಿ ಹಾಕುತ್ತೇವೆ.

ಹೆತ್ತೆ ಸತ್ತ ಮೇಲೆ ಕೋಣೆಯಲ್ಲಿ ಬಿತ್ತನೆ ಆಲೂಗಡ್ಡೆ ತುಂಬಿದರು. ಬಂದವರನ್ನು ಪಕ್ಕದ ಮನೆಯಲ್ಲಿ ಮಲಗಿಸಿದರು. ಮೂರು ವರ್ಷ ಹೀಗೇ ನಡೆಯಿತು.

ಆಮೇಲೆ ಬಂತು ಇತ್ತಲಾರಿನ ಸಂಬಂಧ. ಹುಡುಗ ಲಿಂಗ, ಕುನ್ನೂರಿನಲ್ಲಿ ಗುಮಾಸ್ತ. ನೂರರಲ್ಲಿ ಒಬ್ಬ, ಕುಡಿಯುವವನಲ್ಲ. ಈಶ್ವರಿಯನ್ನು ನಮ್ಮ ದೇವಿ ಹೆತ್ತೆಯ ಹಬ್ಬದಲ್ಲಿ ನೋಡಿ ತಾನೇ ಕೇಳಿದ್ದ, ಹುಡುಗಿಯೂ ತಲೆ ತಗ್ಗಿಸಿಕೊಂಡು ನಕ್ಕಿದ್ದಳು. ಎಲ್ಲ ಸರಿ. ಆದರೆ ಹುಡುಗನ ತಾಯಿ ಚಿನ್ನಮ್ಮಾಳ್ ಇದ್ದಳಲ್ಲ, ಅವಳು ಬಹಳ ನಾಜೂಕಿನ ಹೆಂಗಸು. ಅವರ ಮನೆಗೆ ಗಾಜಿನ ಕಿಟಕಿ. ಚಹಾ ಕುಡಿಯಲು ಪಿಂಗಾಣಿ ಬಟ್ಟಲು. ಹಿಂದೆ ಎರಡು ಕಡೆ ಹೆಣ್ಣು ನೋಡಲು ಹೋಗಿ, ಒಂದು ಕಡೆ ಹೊದಿಕೆಯಲ್ಲಿ ಚಿಗಟ ಅಂತಲೂ, ಇನ್ನೊಂದು ಕಡೆ ಚೊಂಬು ಜಿಡ್ಡು ಅಂತಲೂ ಮೂಗು ಮುರಿದು ಎದ್ದು ಬಂದಿದ್ದಳು. ಅವಳು ಬರುವ ಹುಣ್ಣಿಮೆಯ ಹೊತ್ತಿಗೆ ಬಂದು ಒಂದು ರಾತ್ರಿ ಉಳಿದು ಹೋಗುತ್ತೇನೆಂದು ಹೇಳಿ ಕಳಿಸಿದಳು. ಮಗಳ ಬಾಳು ಒಂದು ಹಾಸಿಗೆಯ ಮೇಲೆ ನಿಂತಿತು.

"ಬಂದವರ ಕೋಣೆಯನ್ನ ಊಟಿ ಬಂಗಲೆ ಹಂಗೆ ಮಾಡಿಬಿಡೋಣ," ಅಂದ ರಂಗನಾಥನ್.

ಹಾಲಿ ಬೇಡ ಅಂದಳು. ಯಾಕೆ ಅಂದ. ಅವಳು ಬುಟ್ಟಿ ತರಲು ಎದ್ದು ಹೋದಳು.

ಕೆಲಸ ಶುರುವಾದದ್ದು ಆಲೂಗಡ್ಡೆಯಿಂದ. ಮೇಲಿನವು ಮೊಳಕೆ ಒಡೆದು ಬಿಳೀ ಬೆರಳಿನ ಹಾಗೆ ಬಾಗಿಲಿನ ಸಂದಿಯ ಕಡೆಗೆ ಚಾಚಿಕೊಂಡಿದ್ದವು. ಕೆಳಗಿನವು ಕೊಳೆತು ಕಪ್ಪು ನೀರಾಗಿದ್ದವು. ಹಾಲಿ ಬುಟ್ಟಿಗೆ ತುಂಬಲು ಕೈ ಹಾಕಿದಳು, ಮೊಣಕೈ ತನಕ ಒಳಗೆ ಹೋಯಿತು. ಒಳಗೆ ಬೆಚ್ಚಗಿತ್ತು. ಕೈ ಎಳೆದುಕೊಂಡರೆ ತೋಳಿನ ತುಂಬ ಲೋಳೆ, ಲೋಳೆಯಲ್ಲಿ ಹುಳು. ಅಂಗಳಕ್ಕೆ ಓಡಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದಳು. ಹದಿನಾಲ್ಕು ಬುಟ್ಟಿ ಹೊತ್ತು ಹಳ್ಳಕ್ಕೆ ಸುರಿದರು. ನೆಲ ಕೆರೆದು ಸಗಣಿ ಸಾರಿಸಿದರು. ಸಾಂಬ್ರಾಣಿ ಹಾಕಿದರು. ವಾಸನೆ ಹೋಗಲಿಲ್ಲ.

"ಗಡ್ಡೆ ವಾಸನೆ, ಬಿಸಿಲಿಗೆ ಹೋಗ್ತದೆ," ಅಂದ ಗಂಡ.

ಹಾಲಿ ಹೂಂ ಅಂದಳು. ಅವಳ ಮೂಗಿಗೆ ಆಲೂಗಡ್ಡೆಯ ವಾಸನೆ ಯಾವುದು, ಇನ್ನೊಂದು ಯಾವುದು ಅಂತ ಗೊತ್ತಿತ್ತು.

ಗೋಡೆಯ ಮೇಲೆ ಒಂದು ಕಲೆ ಇತ್ತು. ಹೆತ್ತೆ ಗೋಡೆಗೆ ಒರಗಿ ಕೂರುತ್ತಿದ್ದ ಜಾಗದಲ್ಲಿ, ತಲೆ ತಾಗುವಷ್ಟು ಎತ್ತರದಲ್ಲಿ. ಎಣ್ಣೆ ಬಣ್ಣದ ಕಲೆ. ಸುಣ್ಣ ಬಳಿದರು. ಬೆಳಗಾಗುವಷ್ಟರಲ್ಲಿ ಎದ್ದು ಬಂದಿತ್ತು. ಎರಡನೇ ಸಲ ಬಳಿದರು. ಮತ್ತೆ ಬಂತು, ಹಳದಿಯಾಗಿ. ಮೂರನೇ ಸಲ ರಂಗನಾಥನ್ ಅಷ್ಟು ಜಾಗದ ಗಾರೆ ಕೆತ್ತಿ ಹೊಸ ಮಣ್ಣು ಮೆತ್ತಿದ. ಕೆತ್ತಿದ ಮಣ್ಣಿನ ಹೆಂಟೆಗಳಲ್ಲಿ ನರೆಗೂದಲು ಅಂಟಿತ್ತು. ಮಣ್ಣಿನ ಒಳಗೆ, ಗೇಣು ಆಳದಲ್ಲಿ. ಅವನು ನೋಡಲಿಲ್ಲ. ಹಾಲಿ ನೋಡಿದಳು, ಎಲೆಯಲ್ಲಿ ಸುತ್ತಿ ಒಲೆಗೆ ಹಾಕಿದಳು. ಅದು ಚಿರ್ರ್ ಅಂತ ಬಹಳ ಹೊತ್ತು ಉರಿಯಿತು. ಆ ದಿನ ಒಲೆಯ ಮೇಲೆ ಬೆಂದದ್ದನ್ನು ಅವಳು ಬಾಯಿಗಿಡಲಿಲ್ಲ.

ಅದಕ್ಕೇ ಹೂವಿನ ಕಾಗದ ತರಲು ಊಟಿಗೆ ಹೋದದ್ದು. ಮೇಲೆ ಥಳುಕು, ಒಳಗೆ ಹುಳುಕು ಅಂತಾರಲ್ಲ. ಊರು ಬಿಟ್ಟು ಹೋಗುವ ದೊರೆಯೊಬ್ಬನ ಬಂಗಲೆಯಲ್ಲಿ ಹರಾಜು ನಡೆದು, ಹಿತ್ತಾಳೆ ಗುಂಡಿನ ಮಂಚ, ಒಂದು ನಿಲುವುಗನ್ನಡಿ, ಮುಖ ತೊಳೆಯುವ ಪಿಂಗಾಣಿ ಬೋಗುಣಿ ಎಲ್ಲ ರಂಗನಾಥನ್ ಮೊದಲೇ ಹೊರಿಸಿಕೊಂಡು ಬಂದಿದ್ದ. ಬಾವಿಯ ಹತ್ತಿರ ಆ ಸದ್ದು ಕೇಳಿದ ಮಾರನೇ ದಿನವೇ ಹಾಲಿ ಮೈದಾ ಅಂಟು ಕುದಿಸಿ, ಹುಳು ಬೀಳದಿರಲಿ ಅಂತ ಮೈಲುತುತ್ತ ಬೆರೆಸಿ, ಕಾಗದ ಅಂಟಿಸಿದಳು. ತಿಳಿಹಸಿರು ಕಾಗದ, ಅದರ ಮೇಲೆ ಗುಲಾಬಿ. ಕೋಣೆ ನಿಜಕ್ಕೂ ಚಂದ ಕಂಡಿತು. ಹಟ್ಟಿಯ ಹೆಂಗಸರು ಸಾಲಾಗಿ ಬಂದು ಗೋಡೆ ಮುಟ್ಟಿ ಮುಟ್ಟಿ ನೋಡಿದರು. ನನಗಾಗ ಎಂಟು ವರ್ಷ, ನಾನೂ ಮುಟ್ಟಿದ್ದೇನೆ.

ಮೂರು ದಿನ ಕಾಗದ ಒಣಗಿ ನೆಟ್ಟಗಿತ್ತು. ನಾಲ್ಕನೇ ದಿನ ಆ ಜಾಗದಲ್ಲಿ ಒಂದು ಉಬ್ಬು. ಗಾಳಿ ಸೇರಿರಬೇಕು ಅಂತ ಹಾಲಿ ಅಂಗೈಯಿಂದ ಒತ್ತಿದಳು. ಕಾಗದ ಒಳಕ್ಕೆ ಹೋಯಿತು. ಹಿಂದೆ ಗೋಡೆ ಇರಬೇಕಾದ ಕಡೆ ಮೆತ್ತಗೆ, ಉಗುರು ಬೆಚ್ಚಗೆ... ಮುದುಕರ ಹೊಟ್ಟೆಯ ಚರ್ಮ ಮುಟ್ಟಿದ ಹಾಗೆ. ಅಂಗೈ ತೆಗೆದರೆ ಹಳದಿ ನೀರು. ಅವಳು ಕೂಗಲಿಲ್ಲ. ಬೂದಿ ಹಾಕಿ ಕೈ ತಿಕ್ಕಿದಳು, ಚರ್ಮ ಕಿತ್ತು ಬರುವ ಹಾಗೆ ತಿಕ್ಕಿದಳು. ಆಮೇಲೆ ಹೋಗಿ ನಿಲುವುಗನ್ನಡಿಯನ್ನು ಎಳೆದು ಆ ಜಾಗಕ್ಕೆ ಅಡ್ಡ ನಿಲ್ಲಿಸಿದಳು.

"ಕನ್ನಡಿ ಅಲ್ಲೇ ಚಂದ," ಅಂದ ರಂಗನಾಥನ್. ಕಣ್ಣಿದ್ದೂ ಕುರುಡು ಅನ್ನುವುದಕ್ಕೆ ಆ ಗಂಡಸೇ ಸಾಕ್ಷಿ.

ಹುಣ್ಣಿಮೆಯ ಹಿಂದಿನ ದಿನ ಚಿನ್ನಮ್ಮಾಳ್ ಬಂದಳು. ಮೊದಲು ಮಾಡಿದ ಕೆಲಸ ಕೋಣೆ ನೋಡಿದ್ದು. ದಿಂಬು ಮಗುಚಿ ನೋಡಿದಳು. ಹೊದಿಕೆಯ ಮೂಲೆ ಎತ್ತಿ ಮೂಸಿದಳು. ಪರದೆಯ ಹೊಲಿಗೆ ಎಣಿಸಿದಳು. ಚಿನ್ನಮ್ಮಾಳ್ ಕನ್ನಡಿಯ ಮುಂದೆ ನಿಂತು ತಲೆಗೆ ಕಟ್ಟಿದ್ದ ಪಟ್ಟುಬಟ್ಟೆ ಸರಿಮಾಡಿಕೊಂಡು, ಚೆನ್ನಾಗಿ ಮಾಡಿದ್ದೀರಿ, ಇಂಥ ಕೋಣೆ ಇತ್ತಲಾರಿನಲ್ಲೂ ಇಲ್ಲ ಅಂದಳು.

ಆಗ ಈಶ್ವರಿ ಬಂದು ಚಿನ್ನಮ್ಮಾಳ್ ಮುಂದೆ ತಲೆ ಒಡ್ಡಿದಳು.

ನಮ್ಮವರಲ್ಲಿ ಇದು ದೊಡ್ಡ ಮಾತು. ಹಿರಿಯರು ಎದುರಾದರೆ ಕೈ ಮುಗಿಯುವುದಲ್ಲ, ಕಾಲಿಗೆ ಬೀಳುವುದೂ ಅಲ್ಲ. ಬಾಗಿ ತಲೆ ಒಡ್ಡಬೇಕು. ಅವರು ನೆತ್ತಿಯ ಮೇಲೆ ಅಂಗೈ ಇಟ್ಟು 'ಒಂದು ಸಾವಿರ ಆಗಲಿ' ಅಂತ ಹರಸಬೇಕು. ಹಗೆಯವರಾದರೂ ಹಿರಿಯರಾದರೆ ಒಡ್ಡುತ್ತೇವೆ. ಒಡ್ಡಿದ ತಲೆಗೆ ಕೈ ಇಡದೆ ಹೋದವರಿಲ್ಲ, ಹರಸಲು ಎತ್ತಿದ ಕೈಗೆ ತಲೆ ಒಡ್ಡದೆ ಹೋದವರೂ ಇಲ್ಲ.

ಒಬ್ಬಳಿದ್ದಳು. ಹಾಲಿ.

ಹೆತ್ತೆ ಸಾಯುವ ದಿನ ಮಧ್ಯಾಹ್ನ ಕರೆದಿದ್ದಳು. ಹಾಲೀ, ಇನ್ನು ಹೆಚ್ಚು ಹೊತ್ತಿಲ್ಲ, ತಲೆ ಒಡ್ಡು ಮಗೂ ಅಂತ. ಕೈ ಎತ್ತಿದ್ದಳು. ಆ ಕೈ ಆಗಷ್ಟೇ ಹುಣ್ಣು ಕೆರೆದ ಕೈ. ಉಗುರಿನ ಸಂದಿಯಲ್ಲಿ ಕೀವು, ಅಂಗೈಯಲ್ಲಿ ರಕ್ತ, ಮಣಿಕಟ್ಟಿನ ಮೇಲೆ ಒಂದು ಹುಳು ತೆವಳುತ್ತಿತ್ತು. ಹಾಲಿ ಬಾಗಿಲಿನ ಹೊರಗೆ ನಿಂತು ನೋಡಿದಳು. ಆಗಷ್ಟೇ ಸೀಗೆ ಹಾಕಿ ಮಿಂದ ತಲೆ. ಎಮ್ಮೆ ಕರೆದು ಬರ್ತೀನಿ ಅಂದಳು. ಹೋದವಳು ಸಂಜೆಯ ತನಕ ಬರಲಿಲ್ಲ. ಬಂದಾಗ ಹೆತ್ತೆ ಸತ್ತಿದ್ದಳು, ಎತ್ತಿದ ಕೈ ಎತ್ತಿದ ಹಾಗೇ ಸೆಟೆದಿತ್ತು. ಸಾವಿಗೆ ಬಂದವರೆಲ್ಲ, ಕೊನೆಗೆ ಹರಸಿದಳಾ ಅಂತ ಕೇಳಿದರು. ಹಾಲಿ ಹೂಂ ಅಂದಳು. ತಲೆ ಒಡ್ಡಿದೆ, ಕೈ ಇಟ್ಟಳು, ಒಂದು ಸಾವಿರ ಆಗಲಿ ಅಂದಳು ಅಂತ ಹೇಳಿದಳು. ಪುಣ್ಯವಂತೆ ಅಂದರು ಎಲ್ಲರೂ. ಹೆಂಗಸರು ಅವಳ ನೆತ್ತಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಆ ಸುಳ್ಳು ನೆನಪಾದಾಗಲೆಲ್ಲ ಹಾಲಿಗೆ ಹೇಸಿಗೆ ಆಗುತ್ತಿತ್ತು. ಹೆತ್ತೆಯ ಹುಣ್ಣು ನೋಡಿ ಆದಂಥ ಹೇಸಿಗೆಯೇ, ಆದರೆ ಇದು ತನ್ನ ಮೇಲೆ. ಮೂಗು ಮುಚ್ಚಿದರೆ ಹೋಗುವಂಥದ್ದಲ್ಲ.

ಊಟವಾಯಿತು. ಹೆಂಗಸರು ಒಲೆಯ ಹತ್ತಿರ ಕೂತು ಬಹಳ ಹೊತ್ತು ಮಾತಾಡಿದರು. ಮಲಗಲು ಏಳುವಾಗ ಚಿನ್ನಮ್ಮಾಳ್, ಹುಡುಗಿಯೂ ನನ್ನ ಜೊತೆ ಬಂದವರ ಕೋಣೆಯಲ್ಲೇ ಮಲಗಲಿ, ಒಂದಷ್ಟು ಮಾತಾಡುತ್ತೇನೆ ಅಂದಳು. ಬೇಡ ಅನ್ನಲು ಹಾಲಿಗೆ ಬಾಯಿ ಬರಲಿಲ್ಲ. ಏನು ಕಾರಣ ಹೇಳುವುದು? ಈಶ್ವರಿ ಚಾಪೆ ಸುರುಳಿ ಹಿಡಿದು ಹೋದಳು. ಬಾಗಿಲು ಮುಚ್ಚಿತು.

ಹಾಲಿ ಒಲೆಯ ಪಕ್ಕ ಮಲಗಿದಳು. ನಿದ್ದೆ ಎಲ್ಲಿಂದ ಬರಬೇಕು. ಗಂಡನ ಗೊರಕೆ. ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವ ಸದ್ದು, ಚಪ್... ಚಪ್... ಆಮೇಲೆ ಎಮ್ಮೆ ಮೆಲುಕು ನಿಲ್ಲಿಸಿತು.

ತಪ್. ಸರ್ರ್.

ಅಂಗಳದಲ್ಲಿ.

ತಪ್. ಸರ್ರ್. ತಪ್. ಸರ್ರ್.

ಅವಳ ಬಾಗಿಲಿನ ಮುಂದೆ ಬಂತು. ನಿಂತಿತು. ಹಾಲಿ ಹೊದಿಕೆಯನ್ನು ಹಲ್ಲಿನಲ್ಲಿ ಕಚ್ಚಿದಳು. ಬಾ, ಇಲ್ಲಿಗೇ ಬಾ, ನನ್ನ ಹತ್ತಿರಕ್ಕೇ ಬಾ ಅಂತ ಮನಸ್ಸು ಹೇಳಿತು. ದೇಹ ಮಾತ್ರ ಗೋಡೆಯ ಕಡೆಗೆ ಮುದುಡಿತು. ಸದ್ದು ಮುಂದೆ ಹೋಯಿತು... ಬಂದವರ ಕೋಣೆಯ ಕಡೆಗೆ. ಅಗುಳಿ ಸರಿಯಿತು, ಕಿರ್ರ್ ಅಂತ. ಆ ಅಗುಳಿ ಒಳಗಿನಿಂದ ಹಾಕುವಂಥದ್ದು.

ಹಾಲಿ ಎದ್ದಳು. ಲಾಟೀನು ಹಿಡಿದು ಅಂಗಳ ದಾಟಿದಳು. ಬರಿಗಾಲಿನ ಕೆಳಗೆ ಹಿಮ ಕರಕರ ಅಂದಿತು. ಕಿಟಕಿಗೆ ಗುಲಾಬಿ ಹೂವಿನ ಪರದೆ. ಒಳಗಿನಿಂದ ಮಗಳ ದನಿ, ನಿದ್ದೆಗಣ್ಣಿನ ದನಿ, ಎಷ್ಟು ಮರ್ಯಾದೆಯ ದನಿ...

"ಬನ್ನಿ ಹೆತ್ತೆ. ಈ ಚಳೀಲಿ ಎಲ್ಲಿಂದ ಬಂದ್ರಿ?"

ಹಾಲಿ ಬಾಗಿಲು ತಳ್ಳಿದಳು.

ವಾಸನೆ ಮೊದಲು ಹೊಡೆಯಿತು. ಲಾಟೀನಿನ ಉರಿ ಕುಗ್ಗಿ ನೀಲಿಯಾಯಿತು. ಗೋಡೆಯ ಕಾಗದ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿದ ಹಾಗೆ ಉದ್ದಕ್ಕೆ ಸುಲಿದು ನೇತಾಡುತ್ತಿತ್ತು. ಕನ್ನಡಿ ಪಕ್ಕಕ್ಕೆ ಸರಿದು, ಗೋಡೆಯ ಕಡೆಗೆ ಮುಖ ಮಾಡಿ ನಿಂತಿತ್ತು. ಮಂಚದ ಮೇಲೆ ಚಿನ್ನಮ್ಮಾಳ್ ಅತ್ತ ತಿರುಗಿ ತಲೆಯ ತನಕ ಹೊದ್ದು ಮಲಗಿದ್ದಳು. ಕೆಳಗೆ ಚಾಪೆಯ ಮೇಲೆ ಈಶ್ವರಿ ಮೊಣಕಾಲೂರಿ ಕೂತಿದ್ದಳು. ಅವಳ ಮುಂದೆ, ಬಾಗಿಲಿಗೆ ಬೆನ್ನು ಹಾಕಿ, ಬಿಳೀ ಮುಂಡು ಸುತ್ತಿಕೊಂಡ ಒಂದು ಮುದಿ ಆಕಾರ. ಒಂದು ಕಾಲು ಮಡಚಿತ್ತು. ಇನ್ನೊಂದು ಕಾಲು ನೆಲದ ಮೇಲೆ ಉದ್ದಕ್ಕೆ ಚಾಚಿತ್ತು, ಅದರ ಚರ್ಮ ತಾನಾಗಿ ಮಿಸುಕುತ್ತಿತ್ತು. ಹಾಲಿಗೆ ಅದು ಯಾಕೆ ಮಿಸುಕುತ್ತಿದೆ ಅಂತ ಹತ್ತಿರ ಹೋಗಿ ನೋಡಬೇಕಾಗಿರಲಿಲ್ಲ.

ಕೈ ಮೇಲೇಳುತ್ತಿತ್ತು. ಬೆರಳ ತುದಿಯಿಂದ ತೊಟ್... ತೊಟ್... ಅಂತ ಚಾಪೆಯ ಮೇಲೆ ಬೀಳುತ್ತಿತ್ತು.

ಈಶ್ವರಿ, ಚೆನ್ನಾಗಿ ಬೆಳೆಸಿದ ಹುಡುಗಿ, ತಲೆ ಒಡ್ಡಿದಳು.

ಅದು ಹರಕೆಯೋ ಶಾಪವೋ, ಯೋಚಿಸಲು ಹೊತ್ತಿರಲಿಲ್ಲ. ಆ ಕೈ ನನ್ನ ಮಗುವಿನ ಮೇಲೆ ಬೀಳಬಾರದು, ಅಷ್ಟೇ ಹಾಲಿಯ ತಲೆಯಲ್ಲಿದ್ದದ್ದು. ಲಾಟೀನು ಕೆಳಗಿಟ್ಟು, ಮಗಳನ್ನು ಭುಜ ಹಿಡಿದು ಪಕ್ಕಕ್ಕೆ ನೂಕಿ, ಆ ಜಾಗದಲ್ಲಿ ತಾನು ಕೂತಳು.

"ಅವಳಲ್ಲ ಹೆತ್ತೆ," ಅಂದಳು. "ಒಡ್ಡಬೇಕಾದ್ದು ನನ್ನ ತಲೆ."

ತಲೆಗೆ ಕಟ್ಟಿದ್ದ ಪಟ್ಟು ಬಿಚ್ಚಿದಳು. ಬಾಗಿದಳು. ಕಣ್ಣು ಮುಚ್ಚಿದಳು. ಮೂಗು ಮುಚ್ಚಲಿಲ್ಲ.

ಏನೂ ಆಗಲಿಲ್ಲ... ಬಹಳ ಹೊತ್ತು ಏನೂ ಆಗಲಿಲ್ಲ.

ಆಮೇಲೆ ಇಟ್ಟಿತು. ತಣ್ಣಗೆ, ಒದ್ದೆಯಾಗಿ, ತುಂಬಿದ ಕೊಡದಷ್ಟು ಭಾರವಾಗಿ. ಐದೂ ಬೆರಳು ಕೂದಲಿನ ಒಳಗೆ ಇಳಿದವು. ಹಣೆಯ ಮೇಲೆ ಅಂಟಂಟು ಇಳಿದು ಹುಬ್ಬಿನಲ್ಲಿ ನಿಂತಿತು, ಹುಬ್ಬು ದಾಟಿ ಮೂಗಿನ ತುದಿಗೆ ಬಂತು, ಅಲ್ಲಿಂದ ತುಟಿಗೆ. ಕೂದಲ ಬುಡದಲ್ಲಿ ಸಣ್ಣ ಸಣ್ಣದು ಏನೋ ಹರಿದಾಡಿತು, ಕಿವಿಯ ಹಿಂದಕ್ಕೆ ಹೋಯಿತು. ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ಮತ್ತೆ ನುಂಗಿದಳು. ಹರಸುವ ಕೈಯ ಕೆಳಗೆ ವಾಂತಿ ಮಾಡಬಾರದು ಅಂತ ನುಂಗಿದಳು. ಹೇಸಿಗೆ ಹೋಯಿತು, ಭಕ್ತಿ ಬಂತು ಅಂತ ನಾನು ಹೇಳುವುದಿಲ್ಲ. ಹೋಗಲಿಲ್ಲ. ಆದರೂ ಅವಳು ತಲೆ ತೆಗೆಯಲಿಲ್ಲ.

"ಒಂದು..." ಅಂದಿತು ದನಿ. ಗಂಟಲಲ್ಲಿ ನೀರು ತುಂಬಿದವರ ದನಿ. "ಒಂದು ಸಾವಿರ... ಆಗಲಿ... ಹಾಲೀ."

ಭಾರ ಎದ್ದು ಹೋಯಿತು. ತಪ್ ಇಲ್ಲ, ಸರ್ರ್ ಇಲ್ಲ. ಹಾಲಿ ತಲೆ ಎತ್ತಿದಾಗ ಲಾಟೀನು ಹಳದಿಯಾಗಿ ಉರಿಯುತ್ತಿತ್ತು, ಎದುರಿಗೆ ಬರೀ ಚಾಪೆ ಇತ್ತು.

"ಅವ್ವೆ," ಈಶ್ವರಿ ಪಿಸುಗುಟ್ಟಿದಳು. "ಆ ಹೆತ್ತೆ ಯಾರು?"

"ನಿಮ್ಮಪ್ಪನ ಮನೆಯವರು."

"ಅವರು ಅಳ್ತಾ ಇದ್ರು, ಅವ್ವೆ."

ಹಾಲಿ ಅದನ್ನು ನೋಡಿರಲಿಲ್ಲ. ಅವಳು ಕಣ್ಣು ಮುಚ್ಚಿದ್ದಳಲ್ಲ. ಮಗಳನ್ನು ಮಲಗಿಸಿ, ಹೊರಗೆ ಹೋಗಿ, ಅಂಗಳದ ಮೂಲೆಯಲ್ಲಿ ಕೂತು ಕರುಳು ಬಾಯಿಗೆ ಬರುವ ತನಕ ಕಕ್ಕಿದಳು. ಬೆಳಗಿನ ಜಾವಕ್ಕೆ ನೀರು ಕಾಯಿಸಿ ಸೀಗೆ ಹಾಕಿ ಮೂರು ಸಲ ತಲೆ ಮಿಂದಳು. ಮತ್ತೆ ಹೋಗಿ ನೋಡಿದರೆ ಕಾಗದ ಗೋಡೆಗೆ ಅಂಟಿಕೊಂಡೇ ಇತ್ತು, ಒಂದು ಗುಲಾಬಿಯೂ ಹರಿದಿರಲಿಲ್ಲ. ವಾಸನೆ ಇರಲಿಲ್ಲ. ಮೈದಾ ಅಂಟಿನ ವಾಸನೆ ಮಾತ್ರ.

ಚಿನ್ನಮ್ಮಾಳ್ ಎದ್ದಳು. ಪಿಂಗಾಣಿ ಬೋಗುಣಿಯಲ್ಲಿ ಮುಖ ತೊಳೆದಳು. ಸುಖವಾಗಿ ನಿದ್ದೆ ಬಂತು ಅಂತ ರಂಗನಾಥನ್‌ಗೆ ಹೇಳಿದಳು, ಅವನು ಹಿಗ್ಗಿ ಹೀರೇಕಾಯಿಯಾದ. ಹೊರಡುವಾಗ ಹಾಲಿಯ ಕೈ ಹಿಡಿದು ಅವಳನ್ನು ಕೊಟ್ಟಿಗೆಯ ಮರೆಗೆ ಕರೆದುಕೊಂಡು ಹೋದಳು. ಚಿನ್ನಮ್ಮಾಳ್ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ನಾ ಎಚ್ಚರಾಗೇ ಇದ್ದೆ," ಅಂದಳು. "ಮೊದಲು ನನ್ನ ಹತ್ರ ಬಂದ್ರು. ಮಂಚದ ಪಕ್ಕ ನಿಂತು ಕೈ ಎತ್ತಿದ್ರು. ಆ ವಾಸನೆ ನನ್ನ ಕೈಲಿ ತಡೆಯೋಕಾಗಲಿಲ್ಲೆ. ನಿದ್ದೆ ಬಂದವಳ ಹಂಗೆ ಹೊದ್ದು ಬಿದ್ದೆ. ಆಗ ಹುಡುಗಿ ಕಡೆ ತಿರುಗಿದ್ರು."

ಹಾಲಿ ತಲೆಯ ಪಟ್ಟನ್ನು ಇನ್ನಷ್ಟು ಬಿಗಿದುಕೊಂಡಳು.

"ಮದುವೆ ಈ ತಿಂಗಳೇ ಆಗಲಿ," ಅಂದಳು ಚಿನ್ನಮ್ಮಾಳ್. ಆಮೇಲೆ ಇನ್ನೂ ಮೆಲ್ಲಗೆ, "ಆ ದೊಡ್ಡವರು... ಇನ್ನು ಬರ್ತಾರಾ?" ಅಂತ ಕೇಳಿದಳು.

ಗೊತ್ತಿಲ್ಲ ಅಂದಳು ಹಾಲಿ. ಅದು ನಿಜವೇ. ಆ ಹೊತ್ತಿಗೆ ಅವಳಿಗೆ ಇನ್ನೊಂದು ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

ಮದುವೆಯಾಯಿತು. ಈಶ್ವರಿ ಚೆನ್ನಾಗಿ ಬಾಳಿದಳು. ಚಿನ್ನಮ್ಮಾಳ್ ಅದಾದ ಮೇಲೆ ಯಾರ ಮನೆಯಲ್ಲೂ ಹೊದಿಕೆ ಮೂಸಿದ್ದು ನಾನು ಕೇಳಿಲ್ಲ. ಹಾಲಿ ಸಾವಿನ ಮನೆಯಲ್ಲಿ ಹೇಳಿದ್ದ ಸುಳ್ಳನ್ನು ಆ ವರ್ಷವೇ ಹಟ್ಟಿಯವರ ಮುಂದೆ ಬಾಯಿಬಿಟ್ಟು ಹೇಳಿದಳು. ಕೆಲವರು ಉಗಿದರು. ಉಗಿಸಿಕೊಂಡಳು.

ಅವಳು ಬಹಳ ಕಾಲ ಬದುಕಿದಳು, ಎಂಬತ್ತು ದಾಟಿ. ಸತ್ತಾಗ ಹೆಣಕ್ಕೆ ನೀರು ಹಾಕಿದವರಲ್ಲಿ ನಾನೊಬ್ಬಳು. ತಲೆ ತೊಳೆಯುವ ಪಾಲು ನನಗೆ ಬಂತು. ಆ ರಾತ್ರಿಯಿಂದ ಈಚೆಗೆ ಅವಳು ತಲೆಯ ಪಟ್ಟು ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ, ಬಿಚ್ಚಿದವಳು ನಾನೇ. ತಲೆಯೆಲ್ಲ ಹತ್ತಿಯ ಹಾಗೆ ಬೆಳ್ಳಗಿತ್ತು. ನೆತ್ತಿಯ ಮೇಲೆ ಒಂದು ಅಂಗೈಯಷ್ಟು ಜಾಗ, ಅಲ್ಲಿಂದ ಹಣೆಯ ಕಡೆಗೆ ಬೆರಳಿನಷ್ಟು ಅಗಲದ ಐದು ಎಳೆ, ಕಡುಗಪ್ಪು. ಮೂವತ್ತರ ಹೆಂಗಸಿನ ಕೂದಲು. ನನ್ನ ಪಕ್ಕದಲ್ಲಿ ನಿಂತಿದ್ದ ಈಶ್ವರಿಯೂ ನೋಡಿದಳು. ಕೇಳಬೇಕಾದರೆ ಇತ್ತಲಾರಿಗೆ ಹೋಗಿ ಕೇಳಿ, ಅವಳಿನ್ನೂ ಇದ್ದಾಳೆ. ನಾನು ಈ ಕೈಯಿಂದಲೇ ಅಲ್ಲಿಗೆ ನೀರು ಹುಯ್ದೆ. ಆ ಕಪ್ಪು ಕೂದಲು ನೀರು ಹುಯ್ಯುವ ಮೊದಲೇ ಒದ್ದೆಯಾಗಿತ್ತು.